ಪಟ್ಟಿ ಹಿಡಿದು ಬಂದವರು

1975ರ ನವೆಂಬರ್. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿರುವ ಐಲೆಂಡ್ ಟ್ರೀಸ್ ಹೈಸ್ಕೂಲಿನಲ್ಲಿ ಒಂದು ರಾತ್ರಿ ಶಾಲಾ ಮಂಡಳಿಯ ಸದಸ್ಯರು ಜವಾನನಿಂದ ಗ್ರಂಥಾಲಯದ ಬಾಗಿಲು ತೆಗೆಸಿ ಒಳಗೆ ಹೋದರು. ಅವರ ಕೈಯಲ್ಲಿ ಒಂದು ಪಟ್ಟಿಯಿತ್ತು. ಎರಡು ತಿಂಗಳ ಹಿಂದೆ ಪೋಷಕರ ಸಂಘಟನೆಯೊಂದರ ಸಮಾವೇಶಕ್ಕೆ ಹೋಗಿದ್ದಾಗ ಸಿಕ್ಕಿದ್ದ, 'ಮಕ್ಕಳು ಓದಬಾರದ' ಪುಸ್ತಕಗಳ ಪಟ್ಟಿ ಅದು. ಕಾರ್ಡ್ ಕ್ಯಾಟಲಾಗಿನ ಡ್ರಾಯರುಗಳನ್ನು ಎಳೆದು ಹೆಸರುಗಳನ್ನು ತಾಳೆ ನೋಡಿದರು. ಪಟ್ಟಿಯಲ್ಲಿದ್ದ ಒಂಬತ್ತು ಪುಸ್ತಕಗಳು ಅಲ್ಲಿದ್ದವು. ಮಾಧ್ಯಮಿಕ ಶಾಲೆಯ ಗ್ರಂಥಾಲಯದಲ್ಲಿ ಇನ್ನೊಂದು, ಹನ್ನೆರಡನೆಯ ತರಗತಿಯ ಸಾಹಿತ್ಯದ ಪಾಠದಲ್ಲಿ ಮತ್ತೊಂದು ಸಿಕ್ಕಿ ಒಟ್ಟು ಹನ್ನೊಂದಾಯಿತು.

ಅಮೆರಿಕದ ಶಾಲಾ ಮಂಡಳಿಯ ಸದಸ್ಯರನ್ನು ನಮ್ಮ ಗ್ರಾಮ ಪಂಚಾಯ್ತಿಯವರ ಹಾಗೆ ಬಹುಮಟ್ಟಿಗೆ ಊರಿನವರೇ ವೋಟು ಹಾಕಿ ಆರಿಸುತ್ತಾರೆ. ಅವರು ಶಿಕ್ಷಕರೋ ಸಾಹಿತ್ಯ ಬಲ್ಲವರೋ ಆಗಿರಬೇಕೆಂಬ ನಿಯಮವಿಲ್ಲ. ಆದರೆ ಬಜೆಟ್ಟು, ನೇಮಕಾತಿ, ಪಠ್ಯ ಎಲ್ಲಕ್ಕೂ ಕೊನೆಯ ಸಹಿ ಅವರದೇ. 1976ರ ಫೆಬ್ರವರಿಯಲ್ಲಿ ಈ ಮಂಡಳಿ ಆ ಪುಸ್ತಕಗಳನ್ನು ಕಪಾಟಿನಿಂದ ತೆಗೆಸಿ ತನ್ನ ಕಚೇರಿಗೆ ತರಿಸಿಕೊಂಡಿತು. ಕರ್ಟ್ ವಾನೆಗಟ್‌ನ 'ಸ್ಲಾಟರ್‌ಹೌಸ್-ಫೈವ್', ರಿಚರ್ಡ್ ರೈಟ್‌ನ 'ಬ್ಲ್ಯಾಕ್ ಬಾಯ್', ಲ್ಯಾಂಗ್‌ಸ್ಟನ್ ಹ್ಯೂಸ್ ಸಂಪಾದಿಸಿದ ಕಪ್ಪು ಲೇಖಕರ ಕಥಾಸಂಕಲನ, ಪುಲಿಟ್ಜರ್ ಪ್ರಶಸ್ತಿ ಪಡೆದಿದ್ದ ಎರಡು ಕಾದಂಬರಿ, ಎಲ್ಲವೂ ಅವುಗಳಲ್ಲಿದ್ದವು. ಇವು ಅಮೆರಿಕಕ್ಕೆ, ಕ್ರೈಸ್ತರಿಗೆ, ಯೆಹೂದಿಗಳಿಗೆ ವಿರೋಧಿ, ಸಾಲದ್ದಕ್ಕೆ ಹೊಲಸು ಎಂದು ಮಂಡಳಿ ಪತ್ರಿಕಾ ಹೇಳಿಕೆ ಕೊಟ್ಟಿತು.

ಆಕ್ಷೇಪ ಬಂದರೆ ಪುಸ್ತಕವನ್ನು ಹೇಗೆ ಪರಿಶೀಲಿಸಬೇಕೆಂಬ ನಿಯಮ ಆ ಶಾಲೆಗಳಲ್ಲಿ ಆಗಲೇ ಇತ್ತು. ಅದನ್ನು ಪಾಲಿಸಿ ಎಂದು ಸೂಪರಿಂಟೆಂಡೆಂಟರೇ ಬರೆದು ಕೊಟ್ಟಿದ್ದರು. ಗದ್ದಲ ಜೋರಾದ ಮೇಲೆ ಮಂಡಳಿ ನಾಲ್ವರು ಪೋಷಕರು, ನಾಲ್ವರು ಶಾಲಾ ಸಿಬ್ಬಂದಿ ಇದ್ದ ಸಮಿತಿಯನ್ನು ನೇಮಿಸಿತು. ಸಮಿತಿ ಐದು ಪುಸ್ತಕಗಳನ್ನು ಉಳಿಸಿಕೊಳ್ಳಿ ಎಂದಿತು, ಎರಡನ್ನು ತೆಗೆಯಿರಿ ಎಂದಿತು, ವಾನೆಗಟ್ ಪುಸ್ತಕವನ್ನು ಪೋಷಕರು ಒಪ್ಪಿದರೆ ಕೊಡಿ ಎಂದಿತು, ಇನ್ನೆರಡರ ಬಗ್ಗೆ ತನ್ನಲ್ಲೇ ಒಮ್ಮತವಿಲ್ಲ ಎಂದು ಒಪ್ಪಿಕೊಂಡಿತು. ಹದಿಹರೆಯದವರ ಓದಿನ ಬಗ್ಗೆ ಪ್ರಾಮಾಣಿಕವಾಗಿ ಯೋಚಿಸುವ ಎಂಟು ಜನರನ್ನು ಒಂದು ಮೇಜಿನ ಸುತ್ತ ಕೂರಿಸಿದರೆ ಉತ್ತರ ಇಷ್ಟೇ ಅಡ್ಡಾದಿಡ್ಡಿಯಾಗಿ ಬರುತ್ತದೆ. ನನಗೆ ಆ ವರದಿಯ ಮೇಲೆ ವಿಶ್ವಾಸ ಹುಟ್ಟುವುದೂ ಅದಕ್ಕೇ. ಮಂಡಳಿ ಮಾತ್ರ ಕಾರಣ ಹೇಳದೆ ಅದನ್ನು ಬದಿಗಿಟ್ಟಿತು. ಪುಲಿಟ್ಜರ್ ಪಡೆದ ಎರಡರಲ್ಲಿ 'ಲಾಫಿಂಗ್ ಬಾಯ್' ಕಪಾಟಿಗೆ ವಾಪಸಾಯಿತು, 'ದಿ ಫಿಕ್ಸರ್' ಆಗಲಿಲ್ಲ. 'ಬ್ಲ್ಯಾಕ್ ಬಾಯ್' ಓದಲು ಪೋಷಕರ ಒಪ್ಪಿಗೆ ಬೇಕು ಎಂದಾಯಿತು.

ಪಟ್ಟಿಯಲ್ಲಿದ್ದ 'ಗೋ ಆಸ್ಕ್ ಅಲೀಸ್' ಮಾದಕವಸ್ತುಗಳ ಚಟಕ್ಕೆ ಬಿದ್ದ ಹುಡುಗಿಯೊಬ್ಬಳ ನಿಜವಾದ ದಿನಚರಿ ಎಂದು 1971ರಲ್ಲಿ ಹೊರಬಂದ ಪುಸ್ತಕ. ಅದನ್ನು ಬರೆದದ್ದು ಬಿಯಾಟ್ರಿಸ್ ಸ್ಪಾರ್ಕ್ಸ್ ಎಂಬ ವಯಸ್ಕ ಲೇಖಕಿ ಎಂದು ಆಮೇಲೆ ಗೊತ್ತಾಯಿತು. ಅದಕ್ಕೆ ತಕರಾರು ತೆಗೆಯಲು ಒಳ್ಳೆಯ ಕಾರಣವೇ ಇತ್ತು. ಪಟ್ಟಿ ಮಾಡಿದವರ ಕಣ್ಣು ಬಿದ್ದದ್ದು ಬೈಗುಳಗಳ ಮೇಲೆ.

ಅವರು ಓದಿದ್ದೂ ಅಷ್ಟನ್ನೇ. ಪಟ್ಟಿಯಲ್ಲಿ ಪ್ರತಿ ಪುಸ್ತಕದ ಎದುರಿಗೆ 'ಕೆಟ್ಟ' ಸಾಲುಗಳನ್ನು ಪುಟಸಂಖ್ಯೆ ಸಮೇತ ಎತ್ತಿ ಕೊಟ್ಟಿದ್ದರು. ಗ್ರಂಥಾಲಯ ವಿಜ್ಞಾನದ ವಿದ್ವಾಂಸ ಲೆಸ್ಟರ್ ಆಶೈಮ್ 1953ರಲ್ಲೇ ಇಂಥ ಓದಿನ ಬಗ್ಗೆ ಒಂದು ಲೇಖನ ಬರೆದಿದ್ದ. ಕಪಾಟಿನಲ್ಲಿ ಜಾಗ ಕಡಿಮೆ, ಹಣ ಕಡಿಮೆ. ಆರಿಸುವವರು ಕೆಲವನ್ನು ಬಿಡಲೇಬೇಕು. ಹಾಗಾದರೆ ಆಯ್ಕೆಗೂ ಸೆನ್ಸಾರಿಗೂ ಏನು ವ್ಯತ್ಯಾಸ? ಆರಿಸುವವನು ಪುಸ್ತಕವನ್ನು ಇಟ್ಟುಕೊಳ್ಳಲು ಕಾರಣ ಹುಡುಕುತ್ತಾನೆ, ಇಡಿಯಾಗಿ ಓದುತ್ತಾನೆ; ಸೆನ್ಸಾರ್ ಮಾಡುವವನು ತೆಗೆದುಹಾಕಲು ಕಾರಣ ಹುಡುಕುತ್ತಾನೆ, ಬಿಡಿ ಸಾಲು ಹಿಡಿದು ಕೂರುತ್ತಾನೆ ಎಂಬುದು ಆಶೈಮ್‌ನ ಉತ್ತರ. ಎಲ್ಲ ಪ್ರಕರಣಕ್ಕೂ ಈ ಗೆರೆ ಹೊಂದುವುದಿಲ್ಲ. ಐಲೆಂಡ್ ಟ್ರೀಸ್‌ಗಂತೂ ಹೊಂದುತ್ತದೆ.

1977ರ ಜನವರಿಯಲ್ಲಿ ಐವರು ವಿದ್ಯಾರ್ಥಿಗಳು ಮಂಡಳಿಯ ಮೇಲೆ ದಾವೆ ಹೂಡಿದರು. ಮುಂದೆ ನಿಂತ ಸ್ಟೀವನ್ ಪಿಕೊಗೆ ಆಗ ಹದಿನೇಳು ವರ್ಷ. ಸುಪ್ರೀಂ ಕೋರ್ಟಿನ ತೀರ್ಪು ಬರುವಷ್ಟರಲ್ಲಿ 1982 ಆಗಿತ್ತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ವಿದ್ಯಾರ್ಥಿಗಳ ಪರ ನಿಂತರೂ ಐವರ ಕಾರಣಗಳು ಒಂದೇ ಆಗಿರಲಿಲ್ಲ. ವಿಚಾರ ಹಿಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಗ್ರಂಥಾಲಯದಿಂದ ಪುಸ್ತಕ ತೆಗೆಯುವಂತಿಲ್ಲ ಎಂದು ನ್ಯಾಯಮೂರ್ತಿ ಬ್ರೆನನ್ ಬರೆದರು. ತರಗತಿಯ ಪಾಠದ ವಿಷಯದಲ್ಲಿ ಮಂಡಳಿಗೆ ಹೆಚ್ಚು ಅಧಿಕಾರವಿದೆ ಎಂಬ ವಾದವನ್ನು ಅವರು ತಳ್ಳಿಹಾಕಲಿಲ್ಲ: ಪಾಠ ಕಡ್ಡಾಯ, ಗ್ರಂಥಾಲಯದ ಓದು ಮಕ್ಕಳ ಇಷ್ಟ. ಆ ವರ್ಷವೇ ಪುಸ್ತಕಗಳು ಮರಳಿದವು, ಪಿಕೊ ಅಷ್ಟರಲ್ಲಿ ಶಾಲೆ ಮುಗಿಸಿ ವರ್ಷಗಳಾಗಿದ್ದವು.

ಐಲೆಂಡ್ ಟ್ರೀಸ್‌ನಲ್ಲಿ ಗಲಾಟೆಯಾದದ್ದರಿಂದ ನಮಗೆ ವಿಷಯ ಗೊತ್ತಾಯಿತು. ಗಲಾಟೆಯೇ ಆಗದೆ ನಡೆಯುವ ಕೆಲಸ ಇದಕ್ಕಿಂತ ಹೆಚ್ಚು. ಪುಸ್ತಕ ಸುಡುವ ಸರ್ಕಾರದ ಕಥೆ ಹೇಳುವ ರೇ ಬ್ರಾಡ್‌ಬರಿಯ 'ಫ್ಯಾರನ್‌ಹೈಟ್ 451'ಕ್ಕೆ ಪ್ರಕಾಶಕರು 1967ರಲ್ಲಿ ಹೈಸ್ಕೂಲಿಗೆಂದೇ ಒಂದು ಆವೃತ್ತಿ ತಂದರು. ಎಪ್ಪತ್ತೈದಕ್ಕೂ ಹೆಚ್ಚು ಕಡೆ ಕತ್ತರಿ ಹಾಕಿದ್ದರು. ಬೈಗುಳ ಹೋಯಿತು, ಗರ್ಭಪಾತದ ಮಾತು ಹೋಯಿತು. ಕುಡುಕನೊಬ್ಬ ಕಾಯಿಲೆಯವನಾದ, ಹೊಕ್ಕುಳಿನ ಕೊಳೆ ತೆಗೆಯುವ ಪ್ರಸಂಗ ಕಿವಿ ಚೊಕ್ಕಟ ಮಾಡುವುದಕ್ಕೆ ತಿರುಗಿತು. ಕತ್ತರಿ ಹಾಕಿದ ಸೂಚನೆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ, ಲೇಖಕನಿಗೂ ತಿಳಿಸಲಿಲ್ಲ. 1973ರಿಂದ ಆರು ವರ್ಷ ದೊಡ್ಡವರಿಗೂ ಈ ಕತ್ತರಿಸಿದ ಪ್ರತಿಯೇ ಮಾರಾಟವಾಯಿತು. ಇದನ್ನು ಕಂಡುಹಿಡಿದು ಬ್ರಾಡ್‌ಬರಿಗೆ ಪತ್ರ ಬರೆದವರು ವಿದ್ಯಾರ್ಥಿಗಳು. ಹದಿಹರೆಯದವರಿಗೆ ಇಂಥ ಪುಸ್ತಕ ಅರ್ಥವಾಗದು ಎನ್ನುವವರು ಈ ಸಂಗತಿಯನ್ನು ನೆನಪಿಡುವುದು ಒಳ್ಳೆಯದು.

ಕರ್ನಾಟಕದಲ್ಲಿ ಕಪಾಟಿನ ಜಗಳ ಕಡಿಮೆ. ಎಷ್ಟೋ ಶಾಲೆಗಳಲ್ಲಿ ಗ್ರಂಥಾಲಯವೆಂದರೆ ಹೆಡ್‌ಮಾಸ್ಟರ ಕೋಣೆಯಲ್ಲಿ ಬೀಗ ಹಾಕಿದ ಒಂದು ಬೀರು. ಬ್ರೆನನ್ ಹೇಳಿದ 'ಇಷ್ಟದ ಓದು' ಅಲ್ಲಿ ಇಲ್ಲವೇ ಇಲ್ಲ; ಸಾಹಿತ್ಯವೆಂದರೆ ಕನ್ನಡ ಪಠ್ಯಪುಸ್ತಕದ ಗದ್ಯ-ಪದ್ಯ ಭಾಗಗಳು. ಇಡೀ ರಾಜ್ಯಕ್ಕೆ ಒಂದೇ ಪುಸ್ತಕ, ಅದನ್ನು ಆರಿಸಲು ಸರ್ಕಾರ ನೇಮಿಸಿದ ಸಮಿತಿ. ಹಾಗಾಗಿ ಜಗಳವೆಲ್ಲ ಪರಿವಿಡಿಯ ಮೇಲೆ. 2022ರ ಮೇ ತಿಂಗಳಲ್ಲಿ ರೋಹಿತ್ ಚಕ್ರತೀರ್ಥ ನೇತೃತ್ವದ ಸಮಿತಿಯ ಪರಿಷ್ಕರಣೆ ಹೊರಬಿದ್ದಾಗ ಹತ್ತನೆಯ ತರಗತಿಯ ಕನ್ನಡ ಪುಸ್ತಕಕ್ಕೆ ಆರ್‌ಎಸ್‌ಎಸ್ ಸ್ಥಾಪಕ ಹೆಡಗೇವಾರರ ಭಾಷಣ ಸೇರಿತ್ತು, ಪಿ. ಲಂಕೇಶ್, ಸಾರಾ ಅಬೂಬಕ್ಕರ್, ಎ.ಎನ್. ಮೂರ್ತಿರಾವ್ ಅವರ ಪಾಠಗಳನ್ನು ಕೈಬಿಟ್ಟಿದ್ದಾರೆಂಬ ಸುದ್ದಿ ಎಲ್ಲೆಡೆ ಹಬ್ಬಿತು. ತಮ್ಮ ಪಾಠ ಪುಸ್ತಕದಲ್ಲಿ ಇದ್ದರೆ ಅದಕ್ಕೆ ತಮ್ಮ ಒಪ್ಪಿಗೆ ಇಲ್ಲ ಎಂದು ದೇವನೂರ ಮಹಾದೇವ ಬಹಿರಂಗ ಪತ್ರ ಬರೆದರು, ಇನ್ನೂ ಹಲವು ಲೇಖಕರು ಅದೇ ದಾರಿ ಹಿಡಿದರು.

ಮೂರ್ತಿರಾಯರ ಪಾಠ 'ವ್ಯಾಘ್ರಗೀತೆ'ಯ ಹುಲಿ ಬೆನ್ನ ಹಿಂದಿನಿಂದ ಮೇಲೆ ಬೀಳುವುದು ಧರ್ಮವಲ್ಲ ಎಂದು ಶಾನುಭೋಗರನ್ನು ತಿನ್ನದೆ ಸುತ್ತುವ ಹುಲಿ. ನಗುತ್ತ ಓದಿಸುವ ಪ್ರಬಂಧ. ಟಿವಿಯ ಚರ್ಚೆಗಳಲ್ಲಿ ಕೇಳಿದ್ದೆಲ್ಲ ಯಾರ ಹೆಸರು ಒಳಗೆ, ಯಾರ ಹೆಸರು ಹೊರಗೆ ಎಂಬ ಲೆಕ್ಕ. ಆ ಹುಲಿ ಹದಿನೈದರ ಹುಡುಗನನ್ನು ನಗಿಸುತ್ತದೆಯೇ ಎಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ. ಪರ ಇದ್ದವರೂ ವಿರೋಧ ಇದ್ದವರೂ ಪಾಠವನ್ನು ಇಡಿಯಾಗಿ ಓದುವ ಗೋಜಿಗೆ ಹೋದಂತೆ ಕಾಣಲಿಲ್ಲ.

2023ರಲ್ಲಿ ಸರ್ಕಾರ ಬದಲಾಯಿತು. ಚಕ್ರತೀರ್ಥ ಸಮಿತಿ ಹೊಸದಾಗಿ ಸೇರಿಸಿದ್ದ ಕೆಲವು ಪಾಠಗಳನ್ನು ಕೈಬಿಡಲು ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಅಷ್ಟರಲ್ಲಿ ಪುಸ್ತಕಗಳು ಅಚ್ಚಾಗಿ ಮಕ್ಕಳ ಕೈ ಸೇರಿದ್ದರಿಂದ ಮತ್ತೆ ಮುದ್ರಿಸದೆ ಬದಲಾವಣೆಗಳಿಗೆ ಒಂದು ಪೂರಕ ಪುಸ್ತಿಕೆ ಕಳಿಸಿದರು. ಪುಸ್ತಕದಲ್ಲಿ ಪಾಠ ಇತ್ತು, ಮಾಡಬೇಕಾಗಿರಲಿಲ್ಲ. ಎಸ್ಸೆಸ್ಸೆಲ್ಸಿ ಹುಡುಗರಿಗೆ ಅದಕ್ಕಿಂತ ಬಲವಾದ ನಿಷೇಧ ಬೇಕಿಲ್ಲ: ಪರೀಕ್ಷೆಗೆ ಬರದ ಪಾಠವನ್ನು ಅವರು ಓದುವುದಿಲ್ಲ.