ಕಡಲ ಪಾಠ ಹೇಳಿದ ರೇಚಲ್ ಕಾರ್ಸನ್

ರೇಚಲ್ ಕಾರ್ಸನ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ‘ಸೈಲೆಂಟ್ ಸ್ಪ್ರಿಂಗ್’. ಡಿಡಿಟಿಯಂಥ ಕೀಟನಾಶಕಗಳ ಅತಿಬಳಕೆಯ ವಿರುದ್ಧ 1962ರಲ್ಲಿ ಬಂದ ಆ ಪುಸ್ತಕ ಅವರ ಬಾಳಿನ ಕೊನೆಯ ಘಟ್ಟದ್ದು. ಅದಕ್ಕೂ ಮುಂಚೆ ವರ್ಷಾನುಗಟ್ಟಲೆ ಅವರು ಮಾಡಿದ್ದು ಕಡಲನ್ನು ಜನಸಾಮಾನ್ಯರಿಗೆ ಬಿಡಿಸಿ ಹೇಳುವ ಕೆಲಸ. ‘ಸೈಲೆಂಟ್ ಸ್ಪ್ರಿಂಗ್’ ಅಷ್ಟು ಜನರನ್ನು ಮುಟ್ಟಿದ್ದಕ್ಕೆ ಆ ಪಳಗಿದ ಕೈಯೇ ಕಾರಣವೆಂದು ನನಗನ್ನಿಸುತ್ತದೆ.

ಹುಟ್ಟಿದ್ದು 1907ರಲ್ಲಿ, ಕಡಲಿನಿಂದ ದೂರದಲ್ಲಿ, ಅಮೆರಿಕದ ಪೆನ್ಸಿಲ್ವೇನಿಯದಲ್ಲಿ. ಲೇಖಕಿಯಾಗಬೇಕೆಂದು ಕಾಲೇಜು ಸೇರಿದವರು ನಡುವೆ ಜೀವಶಾಸ್ತ್ರದ ಕಡೆ ಹೊರಳಿದರು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1932ರಲ್ಲಿ ಪ್ರಾಣಿಶಾಸ್ತ್ರದ ಎಂ.ಎ. ಮುಗಿಯಿತು, ಮುಂದೆ ಓದಲು ಮನೆಯ ಹಣಕಾಸು ಬಿಡಲಿಲ್ಲ. ಆಗ ಸಿಕ್ಕಿದ್ದು ಸರ್ಕಾರಿ ಮೀನುಗಾರಿಕೆ ಇಲಾಖೆಗೆ ಕಡಲಜೀವಿಗಳ ಬಗ್ಗೆ ರೇಡಿಯೊ ಬರಹ ಬರೆದುಕೊಡುವ ಕೆಲಸ. ಇಲಾಖೆಯ ಕಿರುಹೊತ್ತಗೆಗೆ ಅವರು ಬರೆದ ಪೀಠಿಕೆಯನ್ನು ಓದಿದ ಮೇಲಧಿಕಾರಿ ಎಲ್ಮರ್ ಹಿಗಿನ್ಸ್, ಇದು ಸರ್ಕಾರಿ ಕಾಗದಕ್ಕೆ ಸಲ್ಲದು, ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಗೆ ಕಳಿಸಿ ಎಂದರು. 1937ರಲ್ಲಿ ಅದು ಅಲ್ಲಿ ಅಚ್ಚಾಯಿತು. ಹೀಗೆ ಗುರುತಿಸಿ ದಾರಿ ತೋರುವ ಅಧಿಕಾರಿ ಸಿಗುವುದು ದೊಡ್ಡ ಭಾಗ್ಯ.

ಈ ನಡುವೆ, 1936ರಿಂದ, ಅದೇ ಇಲಾಖೆಯಲ್ಲಿ ಕಾಯಂ ನೌಕರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಾಂಸದ ಕೊರತೆಯಾದಾಗ, ಜನ ಅಷ್ಟಾಗಿ ತಿನ್ನದ ಮೀನುಗಳನ್ನು ಪರಿಚಯಿಸುವ ಕೈಪಿಡಿಗಳನ್ನು ಬರೆದರು. ಆಮೇಲೆ ವನ್ಯಜೀವಿಧಾಮಗಳ ಕುರಿತ ಮಾಲೆ. 1951ರ ಅವರ ಪುಸ್ತಕ ‘ದ ಸೀ ಅರೌಂಡ್ ಅಸ್’ ಮನೆಮಾತಾಯಿತು. ಮರುವರ್ಷ ನೌಕರಿ ಬಿಟ್ಟರು.

ಅವರ ಕಸುಬಿನ ಗುಟ್ಟು ತಿಳಿಯುವುದು 1955ರ ‘ದ ಎಡ್ಜ್ ಆಫ್ ದ ಸೀ’ಯಲ್ಲಿ. ಪ್ರಕಾಶಕರು ಬಯಸಿದ್ದು ಕಡಲತೀರದ ಜೀವಿಗಳನ್ನು ಗುರುತಿಸಲು ನೆರವಾಗುವ ಕೈಪಿಡಿ. ಒಂದೊಂದೇ ಜೀವಿಯ ವಿವರ ಬರೆಯುತ್ತಾ ಹೋದರೆ ಪುಸ್ತಕಕ್ಕೆ ಜೀವವೇ ಬರಲಿಲ್ಲ. ಕೊನೆಗೆ ಕಲ್ಲುತೀರ, ಮರಳತೀರ, ಹವಳತೀರ ಎಂದು ತೀರದ ಬಗೆಗೆ ತಕ್ಕಂತೆ ಇಡೀ ಪುಸ್ತಕವನ್ನೇ ಬೇರೆಯಾಗಿ ಕಟ್ಟಿದರು. ಬಂಡೆಯ ಮೇಲಿನ ಜೀವಿ ಅಲೆಯ ಹೊಡೆತ ತಾಳಿಕೊಳ್ಳಬೇಕು, ಇಳಿತದಲ್ಲಿ ಬಿಸಿಲಿಗೆ ಒಣಗದೆ ಉಳಿಯಬೇಕು. ಬಾರ್ನಕಲ್ ಎಂಬ ಚಿಪ್ಪಿನ ಜೀವಿ ಕಲ್ಲಿಗೆ ಗಟ್ಟಿಯಾಗಿ ಅಂಟಿ ಚಿಪ್ಪಿನ ಬಾಗಿಲು ಮುಚ್ಚುವುದು ಅದಕ್ಕೇ. ಮರಳಿನಲ್ಲಾದರೆ ಅಂಟಲು ಆಧಾರವಿಲ್ಲ, ಜೀವಿಗಳು ಒಳಗೆ ಬಿಲ ತೋಡುತ್ತವೆ. ಇಷ್ಟು ತಿಳಿದವನಿಗೆ ಹೆಸರು ಮರೆತರೂ ತೀರ ಅರ್ಥವಾಗುತ್ತದೆ. ಮೇಯ್ನ್ ರಾಜ್ಯದ ಕೊರೆಯುವ ನೀರಿನಲ್ಲಿ ಅವರು ಹೊತ್ತಿನ ಪರಿವೆಯಿಲ್ಲದೆ ನಿಂತು ಕಾಲು ಮರಗಟ್ಟಿ, ಪುಸ್ತಕದ ಚಿತ್ರಕಾರ ಬಾಬ್ ಹೈನ್ಸ್ ಎತ್ತಿಕೊಂಡು ದಡಕ್ಕೆ ತಂದದ್ದೂ ಉಂಟು. ಸೂಕ್ಷ್ಮದರ್ಶಕದಲ್ಲಿ ನೋಡಿದ ಜೀವಿಗಳನ್ನು ರಾತ್ರಿ ಬಕೆಟ್ಟು, ಟಾರ್ಚು ಹಿಡಿದು ಜಾರುವ ಬಂಡೆಗಳ ಮೇಲೆ ಇಳಿದು ಮತ್ತೆ ಕಡಲಿಗೇ ಬಿಟ್ಟು ಬರುತ್ತಿದ್ದರು. ಈ ಕಾಳಜಿಯೂ ಪಾಠದ ಭಾಗವೇ.

ಮನೆಯ ಮಗುವಿಗೂ ಅವರು ಕಲಿಸಿದ್ದು ಹೀಗೆಯೇ. ಅಕ್ಕನ ಮಗಳ ಮಗ ರೋಜರ್‌ನನ್ನು ಎರಡು ವರ್ಷ ತುಂಬುವ ಮೊದಲೇ ಕಂಬಳಿಯಲ್ಲಿ ಸುತ್ತಿ, ಬಿರುಗಾಳಿಯ ರಾತ್ರಿ ತೀರಕ್ಕೆ ಒಯ್ದಿದ್ದರು. ಮಳೆ ನೆನೆದ ಕಾಡಿನಲ್ಲಿ ಮೆತ್ತಗಾದ ಕಲ್ಲುಹೂವನ್ನು ಆ ಮಗು ಮಂಡಿಯೂರಿ ಮುಟ್ಟಿ ನೋಡುತ್ತಿತ್ತು. ಹೆಸರುಗಳನ್ನು ಬಾಯಿಪಾಠ ಮಾಡಿಸಲಿಲ್ಲ. ತಮಗೆ ಕಂಡ ಸೊಗಸನ್ನು ತೋರಿಸುತ್ತಾ ಹೋದರು, ಹೆಸರು ತಾನಾಗಿ ಮಗುವಿನ ನಾಲಿಗೆಗೆ ಬಂತು. ಇದನ್ನೆಲ್ಲ 1956ರಲ್ಲಿ ಮಹಿಳಾ ಪತ್ರಿಕೆಯೊಂದಕ್ಕೆ ಬರೆದರು. ಮಕ್ಕಳನ್ನು ಕಡಲತೀರಕ್ಕೆ ಕರೆದೊಯ್ಯುವ ನಮ್ಮ ಮೇಷ್ಟ್ರುಗಳು ಅವಶ್ಯ ಓದಬೇಕಾದ ಬರಹ ಇದು. ಅದನ್ನು ಬೆಳೆಸಿ ಪುಸ್ತಕ ಮಾಡುವ ಆಸೆ ಅವರಿಗಿತ್ತು. ಕೀಟನಾಶಕಗಳ ಕೆಲಸ, ಕ್ಯಾನ್ಸರ್ ಎರಡೂ ಬಿಡುವು ಕೊಡಲಿಲ್ಲ. 1964ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಮರುವರ್ಷ ಆ ಲೇಖನವೇ ‘ದ ಸೆನ್ಸ್ ಆಫ್ ವಂಡರ್’ ಎಂಬ ಪುಸ್ತಕವಾಗಿ ಬಂತು.