ಬುತ್ತಿಯ ಭಾರವಿಲ್ಲದೆ ಎರಡು ದಿನದ ಪ್ರವಾಸ

ಚುಂಚನಕಟ್ಟೆಗೆ ನಾನು ಹೋಗಿದ್ದು ನಾಲ್ಕು ಸಲ. ಜಲಪಾತ ನೋಡಿದ್ದು ಮಾತ್ರ ನಾಲ್ಕನೇ ಸಲ! ಆಶ್ಚರ್ಯವಾಯಿತೇ? ಮೊದಲ ಮೂರು ಸಲವೂ ಬೆಳಗಿನ ಜಾವ ಮೂರೂವರೆಗೆ ಎದ್ದು ಹನ್ನೆರಡು ಜನಕ್ಕೆ ಪುಳಿಯೋಗರೆ, ಮೊಸರನ್ನ ಕಟ್ಟಿದ್ದೆ. ಅಲ್ಲಿ ಜಮಖಾನ ಹಾಸಿ, ಎಲ್ಲರಿಗೂ ಬಡಿಸಿ, ತಟ್ಟೆ ಎತ್ತಿಡುವ ಹೊತ್ತಿಗೆ ಯಜಮಾನರು, 'ಹೊರಡೋಣ್ವಾ? ಕತ್ತಲಾಗತ್ತೆ' ಅನ್ನುತ್ತಿದ್ದರು. ಆ ಪ್ರವಾಸದ ಫೋಟೊಗಳಲ್ಲಿ ಟಿಫಿನ್ ಕ್ಯಾರಿಯರ್ ಇದೆ, ನಾನಿಲ್ಲ.

ನಾಲ್ಕನೇ ಸಲ ಹೊರಟಾಗ ಎಪ್ಪತ್ತು ದಾಟಿದ ನಮ್ಮ ಅತ್ತೆ ಅಡುಗೆಮನೆಗೆ ಬಂದು, 'ಈ ಸಲ ಬುತ್ತಿ ಬೇಡ ಕಣಮ್ಮ. ನಾನೂ ಒಂದ್ಸಲಾನೂ ಆ ನೀರನ್ನ ನೆಟ್ಟಗೆ ನೋಡಿಲ್ಲ' ಅಂದುಬಿಟ್ಟರು. ನನಗೆ ಕಣ್ಣು ತುಂಬಿ ಬಂತು. ಮಕ್ಕಳ ರಜೆಗೆ ಎಲ್ಲಾದರೂ ಹೋಗಿ ಬರೋಣ ಎಂದುಕೊಂಡಿದ್ದೀರಾ? ಹಾಗಾದರೆ ಮೈಸೂರಿನಲ್ಲಿ ಉಳಿದುಕೊಂಡು ನಾವು ಸುತ್ತಿದ ಈ ದಾರಿ ನಿಮಗೂ ಅನುಕೂಲವಾದೀತು. ನಿಯಮ ಒಂದೇ: ದಿನಕ್ಕೆ ಎರಡು ದೊಡ್ಡ ಜಾಗ ಸಾಕು.

ಮೊದಲ ದಿನ: ಕೆ.ಆರ್.ನಗರ, ಪಿರಿಯಾಪಟ್ಟಣ

ಮೈಸೂರಿನಿಂದ ಕೆ.ಆರ್.ನಗರ ಸುಮಾರು 40 ಕಿ.ಮೀ. ಹಳಬರ ಬಾಯಲ್ಲಿ ಇದು ಇನ್ನೂ ಎಡತೊರೆ. ಕಾವೇರಿ ದಡದ ಅರ್ಕೇಶ್ವರನಿಗೆ ಕೈಮುಗಿದು ಮುಂದೆ ಹೊರಟರೆ ಚುಂಚನಕಟ್ಟೆಗೆ ಮತ್ತೆ 15 ಕಿ.ಮೀ. ಅಷ್ಟೆ.

ಇಲ್ಲಿನ ಕೋದಂಡರಾಮನ ಗುಡಿಯಲ್ಲೊಂದು ವಿಶೇಷವಿದೆ. ಎಲ್ಲ ಕಡೆ ರಾಮನ ಎಡಕ್ಕಿರುವ ಸೀತಮ್ಮ ಇಲ್ಲಿ ಬಲಕ್ಕೆ ನಿಂತಿದ್ದಾಳೆ. ಹೊರಗೆ ನೀರು ಭೋರ್ಗರೆದರೂ ಗರ್ಭಗುಡಿಯಲ್ಲಿ ಆ ಸದ್ದು ಕೇಳಿಸದು ಎನ್ನುತ್ತಾರೆ ಊರಿನವರು. ನೀವೂ ಕಿವಿಗೊಟ್ಟು ನೋಡಿ!

ಜಲಪಾತ ಮೈದುಂಬುವುದು ಜುಲೈನಿಂದ ಸೆಪ್ಟೆಂಬರ್‌ವರೆಗೆ. ಬೇಸಿಗೆಯಲ್ಲಿ ನೀರು ಸಣ್ಣಗಾಗುತ್ತದೆ, ಜನವರಿಯಲ್ಲಿ ಹೋದರೆ ದನಗಳ ಜಾತ್ರೆಯ ಗೌಜು. ಒಂದು ಮಾತು ನೆನಪಿರಲಿ. ಇಲ್ಲಿ ಬಿಸಿಲಿದ್ದರೂ ಕೊಡಗಿನಲ್ಲಿ ಮಳೆ ಸುರಿದರೆ, ಹಾರಂಗಿಯಿಂದ ನೀರು ಬಿಟ್ಟರೆ ಹೊಳೆ ಏಕಾಏಕಿ ಏರುತ್ತದೆ. ಬಂಡೆಗಳು ಜಾರುತ್ತವೆ. ಮಕ್ಕಳು 'ಒಂದೇ ಒಂದು ಸೆಲ್ಫಿ ಅಮ್ಮಾ' ಎಂದು ಎಷ್ಟೇ ಗೋಗರೆದರೂ ನೀರಿಗೆ ಇಳಿಸಬೇಡಿ. ದೂರ ನಿಂತರೂ ಹನಿ ಮುಖಕ್ಕೆ ತಾಗುತ್ತದೆ.

ಅಲ್ಲಿಂದ ಹುಣಸೂರಿಗೆ ಬಂದು ಊಟ ಮುಗಿಸಿ. ಮಡಿಕೇರಿ ರಸ್ತೆಯಲ್ಲಿ ಪಿರಿಯಾಪಟ್ಟಣ ದಾಟಿದರೆ ಬೈಲಕುಪ್ಪೆ. ಟಿಬೆಟಿನಿಂದ ವಲಸೆ ಬಂದವರು 1960ರ ದಶಕದ ಆರಂಭದಲ್ಲಿ ಕಾಡು ಕಡಿದು ಕಟ್ಟಿಕೊಂಡ ಊರಿದು. ನಮ್‌ಡ್ರೋಲಿಂಗ್ ವಿಹಾರದ ಸ್ವರ್ಣಮಂದಿರದಲ್ಲಿ ಸುಮಾರು 60 ಅಡಿಯ ಬುದ್ಧ, ಅಕ್ಕಪಕ್ಕದಲ್ಲಿ ಪದ್ಮಸಂಭವ, ಅಮಿತಾಯುಸ್. ಅತ್ತೆ ನೆಲಕ್ಕೆ ಕೂತು ಅರ್ಧ ಗಂಟೆ ಎದ್ದೇಳಲಿಲ್ಲ. 'ಇಲ್ಲಿ ಯಾರೂ ಏನೂ ಕೇಳಲ್ಲ ಕಣಮ್ಮ' ಅಂದರು. ಸಂಜೆ ಪಕ್ಕದ ಅಂಗಡಿಯಲ್ಲಿ ತರಕಾರಿ ಮೋಮೊ ತಿಂದು ಮೈಸೂರಿಗೆ ವಾಪಸ್ಸಾದೆವು.

ಮಂಡಿ ಗಟ್ಟಿಯಿರುವವರು ಬೈಲಕುಪ್ಪೆಯ ಬದಲು ಬೆಟ್ಟದಪುರ ಆರಿಸಿಕೊಳ್ಳಬಹುದು. ಸಿಡಿಲು ಮಲ್ಲಿಕಾರ್ಜುನನನ್ನು ಕಾಣಲು ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಹಾಗಿದ್ದರೆ ಬೆಳಗ್ಗೆಯೇ ಬೆಟ್ಟ ಹತ್ತಿ, ಮಧ್ಯಾಹ್ನದ ಮೇಲೆ ಚುಂಚನಕಟ್ಟೆ ಇಟ್ಟುಕೊಳ್ಳಿ.

ಎರಡನೇ ದಿನ: ಎಚ್.ಡಿ.ಕೋಟೆ

ಕೋಟೆಗೆ ಮೈಸೂರಿನಿಂದ ಸುಮಾರು 50 ಕಿ.ಮೀ. ಮೊದಲು ಸರಗೂರು ಕಡೆಯ ಚಿಕ್ಕದೇವಮ್ಮನ ಬೆಟ್ಟ. ಮೇಲಿನವರೆಗೂ ವಾಹನ ಹೋಗುವುದರಿಂದ ವಯಸ್ಸಾದವರಿಗೆ ತೊಂದರೆಯಿಲ್ಲ. ಮೇಲಿನಿಂದ ಕಪಿಲೆಯ ತಿರುವುಗಳು ಕಾಣುತ್ತವೆ.

ನಂತರ ಕಬಿನಿ ಹಿನ್ನೀರಿನ ದಡದ ಭೀಮನಕೊಲ್ಲಿ ಮಹದೇಶ್ವರ. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾ ಕೊನೆಯದಾಗಿ ನಡೆದದ್ದು 1971ರಲ್ಲಿ. 1974ರಲ್ಲಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಆ ಬಯಲುಗಳೇ ನೀರಿನಡಿ ಸೇರಿದವು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಚಿಗುರುವ ಹುಲ್ಲಿಗೆ ಈಗಲೂ ಆನೆಗಳ ಹಿಂಡು ಬರುತ್ತದೆ. ಇದು ಕಾಡಿನಂಚು. ಹೊತ್ತು ಮುಳುಗುವ ಮೊದಲೇ ಹೊರಟುಬಿಡಿ. ನಾಗರಹೊಳೆ ಸಫಾರಿಯ ಆಸೆಯಿದ್ದರೆ, ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಂಡೇ ಹೋಗಿ.

ಇವಿಷ್ಟು ಗಮನದಲ್ಲಿರಲಿ

* ಬುತ್ತಿ ಬೇಡ ಎಂದರೆ ಉಪವಾಸವಲ್ಲ! ಚಕ್ಕುಲಿ, ಬಾಳೆಹಣ್ಣು, ಕುಡಿಯುವ ನೀರು ಇಟ್ಟುಕೊಂಡು ಊಟ ಹೋಟೆಲಿನಲ್ಲಿ ಮುಗಿಸಿ. ಯಾರಾದರೂ ಗೊಣಗಿದರೆ ಚೀಲ ಹೊರುವ ಕೆಲಸ ಅವರಿಗೇ ಕೊಡಿ.
* ಶೌಚಾಲಯ ನಮ್ಮ ದೊಡ್ಡ ಚಿಂತೆ. ಅದಕ್ಕೆ ಹೆದರಿ ನೀರು ಕುಡಿಯದೇ ಇರಬೇಡಿ. ಊರು ಬಿಡುವ ಮುನ್ನ ಬಸ್ ನಿಲ್ದಾಣ, ಹೋಟೆಲ್ ಅಥವಾ ಪೆಟ್ರೋಲ್ ಬಂಕಿನಲ್ಲಿ ಮುಗಿಸಿಕೊಳ್ಳಿ.
* ಖರ್ಚಿನ ಲೆಕ್ಕ ಹಾಕುವವರಿಗೆ: 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ಗುರುತಿನ ಚೀಟಿ ಮರೆಯಬೇಡಿ. ಬಸ್ಸಿನಲ್ಲಾದರೆ ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ.
* ಮಾತ್ರೆ ಡಬ್ಬಿ, ಮಂಡಿಗೆ ಹಚ್ಚುವ ಎಣ್ಣೆ, ಮಕ್ಕಳಿಗೊಂದು ಜೊತೆ ಹೆಚ್ಚಿನ ಬಟ್ಟೆ ಕೈಚೀಲದಲ್ಲೇ ಇರಲಿ.

ಈ ಸಲದ ಫೋಟೊದಲ್ಲಿ ಅತ್ತೆ ಮತ್ತು ನಾನು ಅಕ್ಕಪಕ್ಕ ಕೂತಿದ್ದೇವೆ, ಹಿಂದೆ ಕಾವೇರಿ. ಮನೆಗೆ ಬಂದ ರಾತ್ರಿ ಅನ್ನ ಸಾರು ಮಾಡಲು ಎದ್ದಾಗ ಆಯಾಸವೇ ಆಗಲಿಲ್ಲ. ನೀವೂ ಹೋಗಿ ಬನ್ನಿ. ಈ ಸಲ ಫೋಟೊದಲ್ಲಿ ನೀವೂ ಇರಿ.