ಕಂಪ್ಯೂಟರ್ ಆಟದ ಆಕಾಶ ಹಡಗನ್ನು ನಾವೇ ಕಟ್ಟುವುದು ಹೇಗೆ?



ಹೋದ ತಿಂಗಳ ಗೋಡೆಪತ್ರಿಕೆಯಲ್ಲಿ ಜೇನುನೊಣದ ಬಗ್ಗೆ ಲೇಖನ ಬಂದಿತ್ತು. ಈ ಸಲ ನನ್ನ ಸರದಿ. ಬೇಸಿಗೆ ರಜದಲ್ಲಿ ನಾನು ಶಿವಮೊಗ್ಗದ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅಲ್ಲಿ ಅಣ್ಣ ಕಂಪ್ಯೂಟರಿನಲ್ಲಿ ಒಂದು ಆಟ ತೋರಿಸಿದ. ಆಟ ಆಡಿದ್ದಕ್ಕಿಂತ ಅದರೊಳಗಿನ ಹಡಗನ್ನು ಬಿಚ್ಚಿ ಕಟ್ಟಿದ್ದೇ ಹೆಚ್ಚು. ಅದನ್ನೇ ನಿಮಗೆ ತಿಳಿಸುತ್ತೇನೆ.

ಆಟದ ಹೆಸರು ಎಫ್‌ಟಿಎಲ್. ಬಿಡಿಸಿ ಹೇಳಿದರೆ ‘ಫಾಸ್ಟರ್ ದ್ಯಾನ್ ಲೈಟ್’, ಅಂದರೆ ಬೆಳಕಿಗಿಂತ ವೇಗ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಹೋಗುತ್ತದೆ ಎಂದು ನಮಗೆಲ್ಲ ಗೊತ್ತು. ಅದಕ್ಕಿಂತ ಜೋರಾಗಿ ಏನೂ ಹೋಗಲ್ಲ, ಆದರೆ ಆಟದಲ್ಲಿ ಹೋಗಬಹುದು! ಇದನ್ನು ಮಾಡಿದವರು ಇಬ್ಬರೇ, ಮ್ಯಾಥ್ಯೂ ಡೇವಿಸ್ ಮತ್ತು ಜಸ್ಟಿನ್ ಮಾ. ದೊಡ್ಡ ಕಂಪನಿಯ ಕೆಲಸ ಬಿಟ್ಟು ಬಂದು ಆಟ ಮಾಡಿದರು. 2012ರಲ್ಲಿ ಜನರ ಹತ್ತಿರ ‘10 ಸಾವಿರ ಡಾಲರ್ ಕೊಡಿ, ಆಟ ಮುಗಿಸುತ್ತೇವೆ’ ಎಂದು ಕೇಳಿದರೆ 2 ಲಕ್ಷ ಡಾಲರಿಗೂ ಮೇಲೆ ಬಂತಂತೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆಟ ಬಿಡುಗಡೆಯಾಯಿತು.

ಆಟದಲ್ಲಿ ಒಂದು ಹಡಗನ್ನು ಮೇಲಿನಿಂದ ನೋಡಿದ ಹಾಗೆ, ಛಾವಣಿ ತೆಗೆದ ಮನೆಯ ಹಾಗೆ, ತೋರಿಸುತ್ತಾರೆ. ಒಳಗೆ ಕೋಣೆಗಳು. ಪೈಲಟ್ ಕೋಣೆ, ಎಂಜಿನ್ ಕೋಣೆ, ಗುಂಡು ತಡೆಯುವ ಶೀಲ್ಡ್ ಕೋಣೆ, ಆಯುಧದ ಕೋಣೆ, ಆಮ್ಲಜನಕದ ಕೋಣೆ, ಆಸ್ಪತ್ರೆ ಕೋಣೆ. ಸಣ್ಣ ಸಣ್ಣ ಜನ ಓಡಾಡಿಕೊಂಡು ಕೆಲಸ ಮಾಡ್ತಾರೆ. ಶತ್ರುಗಳ ಪಡೆ ಹಿಂದೆ ಅಟ್ಟಿಸಿಕೊಂಡು ಬರುತ್ತಿರುತ್ತದೆ. 8 ವಲಯ ದಾಟಿ ಕೊನೆಗೆ ಅವರ ದೊಡ್ಡ ಹಡಗನ್ನು ಒಡೆಯಬೇಕು. ನಮ್ಮ ಹಡಗು ಒಡೆದರೆ ಮುಗೀತು, ಮತ್ತೆ ಮೊದಲಿಂದ ಶುರು.

ಈಗ ವಿಷಯಕ್ಕೆ ಬರೋಣ. ಆಟದಲ್ಲಿ 10 ಬಗೆಯ ಹಡಗುಗಳಿವೆ. ಕೋಣೆ ಬೇರೆ, ಆಯುಧ ಬೇರೆ ಮಾಡಿ ಒಟ್ಟು 28 ನಮೂನೆ. ಅಷ್ಟಿದ್ದರೂ ಜನಕ್ಕೆ ಸಾಲಲಿಲ್ಲ. ಆಟವನ್ನು ಇಷ್ಟಪಟ್ಟ ಯಾರೋ ಒಬ್ಬರು ತಮ್ಮ ಪಾಡಿಗೆ ತಾವು ಕೂತು, ಹೊಸ ಹಡಗು ಕಟ್ಟುವುದಕ್ಕೆ ಒಂದು ಎಡಿಟರ್ ಬರೆದರು. ಎಡಿಟರ್ ಅಂದ ತಕ್ಷಣ ನಮ್ಮ ಗೋಡೆಪತ್ರಿಕೆ ಸಂಪಾದಕರು ಅಂದುಕೊಳ್ಳಬೇಡಿ. ಇದು ಮನುಷ್ಯ ಅಲ್ಲ, ಒಂದು ಪ್ರೋಗ್ರಾಂ. ಅದರ ಹೆಸರು ‘ಸೂಪರ್‌ಲ್ಯೂಮಿನಲ್’. ಈ ಹೆಸರಿನ ಅರ್ಥವೂ ಬೆಳಕಿಗಿಂತ ವೇಗ ಅಂತಲೇ. ಆಟವನ್ನು ದುಡ್ಡು ಕೊಟ್ಟು ಕೊಳ್ಳಬೇಕು, ಎಡಿಟರಿಗೆ ದುಡ್ಡಿಲ್ಲ.

ಹೇಗೆ ಸಾಧ್ಯ ಅಂತ ನಾನೂ ಕೇಳಿದೆ. ಅಣ್ಣ ಹೇಳಿದ್ದು ಹೀಗೆ. ಹಡಗು ಅಂದರೆ ಕಂಪ್ಯೂಟರಿಗೆ ಬರೀ ಚಿತ್ರ ಮತ್ತು ಲೆಕ್ಕ. ಎಲ್ಲಾ ಕೋಣೆಗಳಿಗೂ ಒಂದೊಂದು ಸಂಖ್ಯೆ ಇರುತ್ತದೆ, ಎಣಿಕೆ 0ಯಿಂದ ಶುರು. ಕೋಣೆ ಎಡದಿಂದ ಎಷ್ಟನೇ ಚೌಕದಲ್ಲಿದೆ, ಮೇಲಿನಿಂದ ಎಷ್ಟನೇ ಚೌಕದಲ್ಲಿದೆ, ಅಗಲ ಎಷ್ಟು, ಉದ್ದ ಎಷ್ಟು, ಇಷ್ಟನ್ನು ಸಾದಾ ಅಕ್ಷರದ ಕಡತದಲ್ಲಿ ಬರೆದಿಟ್ಟಿರುತ್ತಾರೆ. ಬಾಗಿಲಿಗೂ ಹಾಗೇ. ಬಾಗಿಲಿನ ಈ ಕಡೆ ಯಾವ ಕೋಣೆ, ಆ ಕಡೆ ಯಾವ ಕೋಣೆ ಎಂದು ಎರಡು ಸಂಖ್ಯೆ. ಆ ಕಡೆ ಕೋಣೆಯೇ ಇಲ್ಲದೆ ಬರೀ ಆಕಾಶ ಇದ್ದರೆ? ಆಗ -1 ಎಂದು ಬರೆಯುತ್ತಾರೆ. ಪೂರ್ಣಾಂಕದ ಪಾಠದಲ್ಲಿ ಋಣ ಸಂಖ್ಯೆ ಯಾತಕ್ಕೆ ಬೇಕು ಅಂತ ನಾವು ಗೊಣಗಿದ್ದೆವಲ್ಲ, ಇಲ್ಲಿ ಬೇಕಾಯ್ತು ನೋಡಿ.

ಈ ಕಡತವನ್ನು ಕೈಯಲ್ಲಿ ತಿದ್ದಬಹುದು. ಆದರೆ ಒಂದು ಸಂಖ್ಯೆ ತಪ್ಪಿದರೆ ಗೋಡೆ ಒಂದು ಕಡೆ, ಬಾಗಿಲು ಇನ್ನೊಂದು ಕಡೆ ಆಗತ್ತೆ. ಎಡಿಟರ್ ಇದ್ದರೆ ಚೌಕಳಿ ಹಾಳೆಯಲ್ಲಿ ಗೆರೆ ಎಳೆದ ಹಾಗೆ ಮೌಸ್ ಹಿಡಿದು ಎಳೆಯುವುದು ಅಷ್ಟೇ. ಎಳೆದಷ್ಟು ದೊಡ್ಡ ಕೋಣೆ. ಒಂದು ಚೌಕಕ್ಕೆ ನಮ್ಮವರು ಒಬ್ಬರೇ ನಿಲ್ಲಬಹುದು. ಹಾಗಾಗಿ ಎರಡಕ್ಕೆ ಎರಡು ಚೌಕದ ಕೋಣೆಯಲ್ಲಿ ನಾಲ್ಕು ಜನ. ಆಮೇಲೆ ಬಾಗಿಲು, ಯಾವ ಕೋಣೆಯಲ್ಲಿ ಯಾವ ಯಂತ್ರ, ಬಂದೂಕು ಎಲ್ಲಿ ಕೂರಬೇಕು, ಹೊರಮೈ ಚಿತ್ರ ಯಾವುದು, ಎಷ್ಟು ಜನ, ಎಲ್ಲ ಹಾಕಬೇಕು. ಹಡಗು ಒಡೆದಾಗ ಯಾವ ಯಾವ ಚೂರಾಗಿ ಹಾರಬೇಕು ಅಂತಲೂ ನಾವೇ ಹೇಳಬಹುದು! ಅದನ್ನು ನಾನು ಮಾಡಲಿಲ್ಲ, ಬೇಜಾರಾಯ್ತು.

ಕೊನೆಗೆ ಹೊಸ ಹಡಗಿಗೆ ಯಾವುದಾದರೂ ಹಳೆ ಹಡಗಿನ ಹೆಸರು ಕೊಟ್ಟು ಉಳಿಸಬೇಕು. ಆಗ ಅದು ಹಳೆಯದರ ಜಾಗದಲ್ಲಿ ಬಂದು ಕೂರುತ್ತದೆ. ಮೊದಲನೇ ಹಡಗು ಕೆಸ್ಟ್ರೆಲ್. ಅದಕ್ಕೆ ಕಡತದೊಳಗೆ ‘ಪ್ಲೇಯರ್ ಶಿಪ್ ಹಾರ್ಡ್’ ಅಂತ ಹೆಸರು. ಹಾರ್ಡ್ ಅಂದರೆ ಕಷ್ಟ. ಎಲ್ಲರೂ ಮೊದಲು ಆಡುವ ಹಡಗಿಗೆ ಆ ಹೆಸರು ಯಾಕೋ! ಇದನ್ನು ಆಟದೊಳಗೆ ಸೇರಿಸುವುದಕ್ಕೆ ‘ಸ್ಲಿಪ್‌ಸ್ಟ್ರೀಮ್’ ಅನ್ನೋ ಇನ್ನೊಂದು ಪ್ರೋಗ್ರಾಂ ಇದೆ. ಅದನ್ನೂ ಅಭಿಮಾನಿಗಳೇ ಮಾಡಿದ್ದು. ನಮ್ಮ ಹಡಗಿನ ಮುಂದೆ ಗುರುತು ಹಾಕಿ ‘ಪ್ಯಾಚ್’ ಒತ್ತಿದರೆ ಆಯ್ತು. ಅದು ಮೂಲ ಕಡತದ ಒಂದು ನಕಲನ್ನು ತೆಗೆದಿಟ್ಟುಕೊಂಡಿರುತ್ತದೆ. ಯಾವುದಕ್ಕೂ ಗುರುತು ಹಾಕದೆ ಪ್ಯಾಚ್ ಒತ್ತಿದರೆ ಆಟ ಮೊದಲಿನ ಹಾಗೇ ಆಗುತ್ತದೆ. ಈ ಧೈರ್ಯ ಇದ್ದಿದ್ದಕ್ಕೇ ಅಣ್ಣ ನನ್ನ ಕೈಗೆ ಮೌಸ್ ಕೊಟ್ಟ.

ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ವಿದ್ಯುತ್ ಜಾಸ್ತಿ ಮಾಡಿದ್ದು. ಕೆಸ್ಟ್ರೆಲ್ ಹಡಗಿಗೆ ಶುರುವಿನಲ್ಲಿ 8 ಕಡ್ಡಿ ವಿದ್ಯುತ್ ಮಾತ್ರ. ನಮ್ಮೂರಲ್ಲಿ ಪಂಪ್‌ಸೆಟ್ ಹಾಕಿದರೆ ಮನೆಯ ಬಲ್ಬು ಮಂಕಾಗುತ್ತಲ್ಲ, ಹಾಗೆ ಅಲ್ಲೂ ಎಳೆದಾಟ. ಶೀಲ್ಡಿನ ಒಂದು ಪದರಕ್ಕೆ 2 ಕಡ್ಡಿ ಬೇಕು, ಆಯುಧಕ್ಕೆ ಬೇಕು, ಎಂಜಿನ್ನಿಗೆ ಬೇಕು. ಒಂದಕ್ಕೆ ಕೊಟ್ಟರೆ ಇನ್ನೊಂದು ಆರಿಸಬೇಕು. ನಾನು ಎಡಿಟರಿನಲ್ಲಿ 8 ಅಳಿಸಿ 25 ಮಾಡಿದೆ. ಶೀಲ್ಡು ನಾಲ್ಕು ಪದರ. ಇದ್ದ ಆಯುಧದಲ್ಲಿ ದೊಡ್ಡ ದೊಡ್ಡವನ್ನೇ ಆರಿಸಿದೆ. ಎದುರು ಬಂದವರೆಲ್ಲ ಪುಡಿ ಪುಡಿ. ಅರ್ಧ ಗಂಟೆ ಖುಷಿಯಾಯ್ತು, ಆಮೇಲೆ ಆಕಳಿಕೆ ಬಂತು. ಅಣ್ಣ ‘ಪ್ರಶ್ನೆಪತ್ರಿಕೆ ಕದ್ದು ನೋಡಿ ಪರೀಕ್ಷೆ ಬರೆದ ಹಾಗಾಯ್ತಲ್ಲೋ’ ಅಂದ.

ಆಗ ನನಗೆ ಒಂದು ಉಪಾಯ ಹೊಳೆಯಿತು. ನಮ್ಮ ಶಾಲೆಯನ್ನೇ ಹಡಗು ಮಾಡಿದರೆ ಹೇಗೆ! ವಿದ್ಯುತ್ತು ಮತ್ತೆ 8ಕ್ಕೇ ಇಳಿಸಿದೆ. ಹಾಳೆ ಮೇಲೆ ಶಾಲೆಯ ನಕ್ಷೆ ಬರೆದುಕೊಂಡೆ. ಆಫೀಸ್ ರೂಮು ಪೈಲಟ್ ಕೋಣೆ. ಬಿಸಿಯೂಟದ ಅಡುಗೆಮನೆ ಎಂಜಿನ್, ಹೊಗೆ ಬರುವುದು ಅಲ್ಲೇ ಅಲ್ಲವಾ. ನಲಿಕಲಿ ಕೋಣೆ ಆಸ್ಪತ್ರೆ. ಐದನೇ ಕ್ಲಾಸು ಶೀಲ್ಡು. ಆರನೇ ಕ್ಲಾಸು ಆಯುಧ. ನಮ್ಮ ಏಳನೇ ಕ್ಲಾಸು ಆಮ್ಲಜನಕ. ಜಗುಲಿಯನ್ನು ಉದ್ದದ ಓಣಿ ಮಾಡಿದೆ. ಮೂರು ಜನರಿಗೆ ಹೆಸರು ಇಟ್ಟೆ. ಒಂದು ನಾನು, ಒಂದು ನಮ್ಮಮ್ಮ, ಇನ್ನೊಂದು ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವವನು. ಅವನ ಹೆಸರು ಇಲ್ಲಿ ಬರೆದರೆ ಹೊಡೀತಾನೆ.

ಎರಡನೇ ವಲಯದ ತನಕ ಚೆನ್ನಾಗೇ ಹೋಯ್ತು. ಅಲ್ಲಿ ಒಂದು ಹಡಗು ಎದುರಾಯಿತು. ಅದರ ಲೇಸರ್ ಬಂದು ಆಮ್ಲಜನಕದ ಕೋಣೆಗೆ ಬಿತ್ತು. ಯಂತ್ರ ಕೆಟ್ಟಿತು. ರಿಪೇರಿ ಮಾಡು ಅಂತ ಪಕ್ಕ ಕೂರುವವನನ್ನು ಕಳಿಸಿದೆ. ಅವನು ಏಳನೇ ಕ್ಲಾಸಿನೊಳಗೆ ಕೆಲಸ ಮಾಡ್ತಾ ಇದ್ದಾಗ ಇನ್ನೊಂದು ಲೇಸರ್ ಆರನೇ ಕ್ಲಾಸಿಗೆ ಬಿತ್ತು, ಬೆಂಕಿ ಹತ್ತಿತು. ಆಯುಧ ಸುಟ್ಟು ನಿಂತಿತು. ಈ ಆಟದಲ್ಲಿ ಬೆಂಕಿ ನಮ್ಮ ವಿಜ್ಞಾನ ಪಾಠದಲ್ಲಿ ಇರುವ ಹಾಗೇ ಇದೆ. ಉರಿಯುವುದಕ್ಕೆ ಆಮ್ಲಜನಕ ಬೇಕು, ಕೋಣೆಯ ಆಮ್ಲಜನಕವನ್ನು ತಿನ್ನುತ್ತದೆ, ಪಕ್ಕದ ಕೋಣೆಗೂ ಹಬ್ಬುತ್ತದೆ. ಬಲ್ಲವರು ಏನು ಮಾಡ್ತಾರೆ ಅಂದರೆ, ಆ ಕೋಣೆಯಿಂದ ಜನರನ್ನು ಈಚೆಗೆ ಕರೆದು, ಆಕಾಶದ ಕಡೆ ಇರುವ ಬಾಗಿಲು ತೆಗೆಯುತ್ತಾರೆ. ಗಾಳಿಯೆಲ್ಲ ಹೊರಗೆ ಹೋಗಿ ಬೆಂಕಿ ತಾನಾಗೇ ಆರುತ್ತದೆ.

ನನ್ನ ಹಡಗಿನಲ್ಲಿ ಆಕಾಶದ ಕಡೆ ಬಾಗಿಲೇ ಇರಲಿಲ್ಲ. ಶಾಲೆಯಲ್ಲಿ ಎಲ್ಲಿದೆ ಆಕಾಶದ ಬಾಗಿಲು, ಅಂತ ಬಿಟ್ಟಿದ್ದೆ. ಏಳನೇ ಕ್ಲಾಸಿಗೆ ಆರನೇ ಕ್ಲಾಸಿನೊಳಗಿಂದ ಬರುವ ಒಂದೇ ದಾರಿ. ಆ ದಾರಿಯಲ್ಲಿ ಬೆಂಕಿ. ಬೆಂಕಿ ಏಳನೇ ಕ್ಲಾಸಿಗೂ ಬಂತು. ಸಹಾಯಕ್ಕೆ ಅಮ್ಮನನ್ನು ಕಳಿಸಿದೆ, ಆರನೇ ಕ್ಲಾಸು ದಾಟುವುದರೊಳಗೆ ಅಮ್ಮ ಸತ್ತುಹೋದಳು. ಆಮೇಲೆ ಅವನೂ. ಸ್ಪೇಸ್ ಕೀಲಿ ಒತ್ತಿದರೆ ಆಟ ನಿಲ್ಲುತ್ತದೆ. ನಿಲ್ಲಿಸಿಕೊಂಡು ತುಂಬಾ ಹೊತ್ತು ನೋಡಿದೆ. ಏನೂ ತೋಚಲಿಲ್ಲ. ಪೈಲಟ್ ಕೋಣೆಯಲ್ಲಿ ನಾನೊಬ್ಬ ಉಳಿದಿದ್ದೆ, ಗಾಳಿ ಕಡಿಮೆಯಾಗುತ್ತಾ ಬಂತು. ಆಟವೇ ಆದರೂ ಅವತ್ತು ರಾತ್ರಿ ಊಟ ಸೇರಲಿಲ್ಲ.

ಅಣ್ಣ ನಗಲಿಲ್ಲ. ಅವನು ಒಂದು ನಿಜವಾದ ಸಂಗತಿ ಹೇಳಿದ. ರಷ್ಯಾದವರ ‘ಮಿರ್’ ಎಂಬ ಬಾಹ್ಯಾಕಾಶ ನಿಲ್ದಾಣ ಇತ್ತು. 2001ರಲ್ಲಿ ಅದನ್ನು ಕೆಳಗೆ ಇಳಿಸಿ ಸಮುದ್ರಕ್ಕೆ ಬೀಳಿಸಿದರು. ಅದರೊಳಗೆ 1997ರ ಫೆಬ್ರವರಿ 23ರಂದು ಬೆಂಕಿ ಬಿದ್ದಿತ್ತು. ಹೊತ್ತಿಕೊಂಡಿದ್ದು ಯಾವುದು ಅಂದರೆ ಆಮ್ಲಜನಕ ತಯಾರಿಸುವ ಡಬ್ಬಿಯೇ! ಒಳಗೆ 6 ಜನ ಇದ್ದರು. ಭೂಮಿಗೆ ಓಡಿ ಬರುವುದಕ್ಕೆ ಸೋಯುಜ್ ಎನ್ನುವ ಎರಡು ನೌಕೆಗಳು ಕಟ್ಟಿಕೊಂಡಿದ್ದವು, ಒಂದೊಂದರಲ್ಲಿ 3 ಜನ ಕೂರಬಹುದು. ಬೆಂಕಿ ಎದ್ದಿದ್ದು ಸರಿಯಾಗಿ ಅದರಲ್ಲಿ ಒಂದು ನೌಕೆಗೆ ಹೋಗುವ ದಾರಿಯಲ್ಲಿ. ಅಂದರೆ 3 ಜನಕ್ಕೆ ದಾರಿ ಬಂದ್. ಅವರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು, ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿಕೊಂಡು ಹೊಗೆಯಲ್ಲೇ ಹೋರಾಡಿದರು. ಆರೂ ಜನ ಬದುಕಿದರು.

ಮಾರನೇ ದಿನ ಹಡಗನ್ನು ಮತ್ತೆ ಎಡಿಟರಿನಲ್ಲಿ ತೆರೆದೆ. ಜಗುಲಿಗೆ ಎರಡು, ಆರನೇ ಕ್ಲಾಸಿಗೆ ಒಂದು ಆಕಾಶದ ಬಾಗಿಲು ಇಟ್ಟೆ. ಏಳನೇ ಕ್ಲಾಸಿಗೆ ಎಲ್ಲಿ ಇಡೋದು ಅಂತ ಶಾಲೆಯ ನಕ್ಷೆ ನೋಡ್ತಾ ಇದ್ದೆ. ಆಗ ನೆನಪಾಯ್ತು. ನಮ್ಮ ಕ್ಲಾಸಿಗೆ ನಿಜವಾಗಲೂ ಎರಡು ಬಾಗಿಲು ಇವೆ! ಹಿಂದೆ ಬಾವಿ ಕಡೆಗೆ ಒಂದಿದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗಿನಿಂದ ಅದಕ್ಕೆ ಅಡ್ಡವಾಗಿ ಮುರಿದ ಬೆಂಚು, ಹಳೇ ಕಪ್ಪುಹಲಗೆ ಪೇರಿಸಿಟ್ಟಿದ್ದಾರೆ. ದಿನಾ ನೋಡಿ ನೋಡಿ ಅದು ಗೋಡೆ ಅಂತಲೇ ಆಗಿಬಿಟ್ಟಿತ್ತು. ನಕ್ಷೆ ಬರೆಯುವಾಗ ಬಾಗಿಲು ಬರೆಯುವುದನ್ನೇ ಮರೆತಿದ್ದೆ.

ಹಡಗಿನಲ್ಲಿ ಆ ಬಾಗಿಲು ಇಟ್ಟೆ. ಹಿಂದುಗಡೆಯಿಂದ ಜಗುಲಿಗೆ ಸುತ್ತಿಕೊಂಡು ಬರುವ ಸಣ್ಣ ಓಣಿಯನ್ನೂ ಇಟ್ಟೆ. ಆಮೇಲೆ ಎಷ್ಟೋ ಸಲ ಬೆಂಕಿ ಬಿತ್ತು. ಜನರನ್ನು ಹಿಂದಿನಿಂದ ಹೊರಗೆ ಕರೆದು, ಬಾಗಿಲು ತೆಗೆದು ಗಾಳಿ ಬಿಟ್ಟು ಆರಿಸಿದೆ. ಕೊನೆಯ ದೊಡ್ಡ ಹಡಗಿನ ತನಕ ಒಮ್ಮೆಯೂ ಹೋಗಲಿಲ್ಲ, ಐದನೇ ವಲಯದಲ್ಲೇ ಸೋತೆ. ಆದರೆ ಬೆಂಕಿಗೆ ಒಬ್ಬರೂ ಸಾಯಲಿಲ್ಲ.

ಶಾಲೆ ಶುರುವಾದ ದಿನ ಬಂದು ನೋಡಿದೆ. ಬೆಂಚುಗಳು ಅಲ್ಲೇ ಇವೆ. ನಾನೂ ನನ್ನ ಪಕ್ಕ ಕೂರುವವನೂ ಎಣಿಸಿದೆವು. ಬೆಂಚು 5, ಕಪ್ಪುಹಲಗೆ 2, ಒಂದು ತುಕ್ಕು ಹಿಡಿದ ಟ್ರಂಕು. ಬಾಗಿಲ ಚಿಲಕ ಗಟ್ಟಿಯಾಗಿದೆ, ಎಣ್ಣೆ ಹಾಕಬೇಕು. ಎಣ್ಣೆ ನಮ್ಮ ಮನೆಯಿಂದ ತರ್ತೀನಿ. ಹೆಡ್ ಮಾಸ್ತರು ಒಪ್ಪಿದರೆ ಶನಿವಾರ ಆಟದ ಪೀರಿಯಡ್ಡಿನಲ್ಲಿ ಏಳನೇ ಕ್ಲಾಸಿನ ನಾವೇ ಅವನ್ನೆಲ್ಲ ಎತ್ತಿ ಶೆಡ್ಡಿಗೆ ಹಾಕ್ತೀವಿ. ಟ್ರಂಕು ಎತ್ತುವುದಕ್ಕೆ ಮಾತ್ರ ದೊಡ್ಡವರು ಒಬ್ಬರು ಬೇಕು ಸಾರ್.